ಓದಿ ಬೇಡವಾದ ಪುಸ್ತಕಗಳು: ಮುಂಗಾರಿಗೆ ಮೊದಲು ಮನೆಯಿಂದ ಕಳಿಸುವುದು ಹೇಗೆ?

ಹೂಮಳೆ (ಮಡಿಕೇರಿ)

ಎರಡು ಕಪಾಟು, ಸುಮಾರು 60 ಪುಸ್ತಕ. ಕೆಲವು ಪೂರ್ತಿ ಓದಿದವು, ಕೆಲವು ಅರ್ಧಕ್ಕೆ ಕೈಬಿಟ್ಟವು. ಒಂದೂ ಹಿಡಿಸಿಲ್ಲ, ಮತ್ತೆ ಮುಟ್ಟುವ ಮಾತೂ ಇಲ್ಲ. ಕಾದಂಬರಿ, ವ್ಯಕ್ತಿತ್ವ ವಿಕಸನ, ಸಭೆಗಳಲ್ಲಿ ಹಾರದ ಬದಲು ಕೊಟ್ಟವು, ಹಳೇ ಕೆಎಎಸ್ ಗೈಡುಗಳು, ಕಾಯಿಲೆಗಳಿಗೆ ಮನೆಮದ್ದು ಹೇಳುವ ಮೂರ್ನಾಲ್ಕು, ಎಲ್ಲ ಮಿಶ್ರ. ಗುಜರಿಗೆ ಹಾಕಲು ಮನಸ್ಸು ಬರುವುದಿಲ್ಲ. ಗ್ರಂಥಾಲಯಕ್ಕೆ ಕೊಟ್ಟುಬಿಡೋಣವೆಂದರೆ, ನಮಗೇ ಬೇಡವಾದದ್ದನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ಸರಿಯೇ ಎಂಬ ಪ್ರಶ್ನೆ. ಯಾವುದನ್ನು ಎಲ್ಲಿಗೆ, ಯಾವ ಸ್ಥಿತಿಯಲ್ಲಿ ಕಳಿಸಬೇಕು? ಗೊತ್ತಿರುವವರು ವಿವರವಾಗಿ ಹೇಳಿ.

ಅಟ್ಟದ ಕಪಾಟು (ಸೋಮವಾರಪೇಟೆ)

ಮೊದಲು ಅವಸರ ಯಾಕೆ ಅನ್ನುವುದನ್ನು ಹೇಳುತ್ತೇನೆ. ಬಯಲುಸೀಮೆಯಲ್ಲಿ ಇಷ್ಟವಿಲ್ಲದ ಪುಸ್ತಕ ಹತ್ತು ವರ್ಷ ಮೂಲೆಯಲ್ಲಿ ಬಿದ್ದಿದ್ದರೂ ಧೂಳು ಹಿಡಿಯುತ್ತದೆ, ಅಷ್ಟೆ. ನಮ್ಮಲ್ಲಿ ಹಾಗಲ್ಲ. ಗಾಳಿಯ ತೇವಾಂಶ ಶೇ. 65–70 ದಾಟಿ ಅಲ್ಲೇ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯಲು ಶುರು. ಕೊಡಗಿನ ಮಳೆಗಾಲದಲ್ಲಿ ವಾರಗಟ್ಟಲೆ ಅದು 90ರ ಆಸುಪಾಸಿನಲ್ಲೇ ಇರುತ್ತದೆ. ಬೇಡವಾದ ಪುಸ್ತಕ ಹೋಗಿ ಸೇರುವುದು ಕಪಾಟಿನ ಹಿಂದಿನ ಸಾಲಿಗೆ ಅಥವಾ ಕೆಳಗಿನ ಹಲಗೆಗೆ, ತೇವದ ಗೋಡೆಗೆ ಆತುಕೊಂಡು. ಅದನ್ನು ಯಾರೂ ಬಿಡಿಸುವುದಿಲ್ಲ, ಹಾಳೆಗಳ ಮಧ್ಯೆ ಗಾಳಿ ಆಡುವುದಿಲ್ಲ. ಬೂಷ್ಟು ಮೊದಲು ಹುಟ್ಟುವುದು ಅಲ್ಲೇ. ಅಲ್ಲಿಂದ ಪ್ರೀತಿಯ ಪುಸ್ತಕಗಳಿಗೆ ದಾಟಲು ಒಂದು ಕಕ್ಕಡ (ನಮ್ಮ ಜಡಿಮಳೆಯ ತಿಂಗಳು) ಸಾಕು.

ಆದ್ದರಿಂದ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಮುಗಿದು ಮೃಗಶಿರ ಹಿಡಿಯುವುದರೊಳಗೆ, ಅಂದರೆ ಏಪ್ರಿಲ್ ಮಧ್ಯದಿಂದ ಮೇ ಕೊನೆಯೊಳಗೆ, ಕೆಲಸ ಮುಗಿಸಿ. ಜೂನ್ ಬಂದಮೇಲೆ ಪೆಟ್ಟಿಗೆಗೆ ತುಂಬಿದರೆ ತೇವವನ್ನೇ ಕಟ್ಟಿ ಕಳಿಸಿದ ಹಾಗೆ.

ವಿಂಗಡಿಸುವಾಗ ಇಷ್ಟ ಅನಿಷ್ಟ ಬದಿಗಿಟ್ಟು ಮೊದಲು ಸ್ಥಿತಿ ನೋಡಿ. ಪುಸ್ತಕವನ್ನು ನಡುಮಧ್ಯೆ ಬಿಡಿಸಿ ಬೆನ್ನಿನ ಒಳಸಂದಿಗೆ ಮೂಗು ಹತ್ತಿರ ತನ್ನಿ. ಹಸಿಮಣ್ಣಿನ ವಾಸನೆ ಬಂದರೆ ಕಣ್ಣಿಗೆ ಕಾಣದಿದ್ದರೂ ಬೂಷ್ಟು ಇದೆ. ಕಂದು ಚುಕ್ಕೆ ಮಾತ್ರ ಇದ್ದು ವಾಸನೆ ಇಲ್ಲದಿದ್ದರೆ ಅದು ಹಳೆಯ ಕಲೆ, ಸಾಮಾನ್ಯವಾಗಿ ಪಕ್ಕದ ಪುಸ್ತಕಕ್ಕೆ ಹರಡದು. ರಟ್ಟಿನ ಮೇಲ್ಪದರವನ್ನು ನಾಲಿಗೆಯಿಂದ ನೆಕ್ಕಿ ತೆಗೆದಂತೆ ಅಂಕುಡೊಂಕು ತೇಪೆಗಳು ಕಂಡರೆ ಸಿಲ್ವರ್‌ಫಿಶ್ ಹುಳು; ಅದಕ್ಕೆ ಬೇಕಾದದ್ದು ಅಂಟಿನ ಗಂಜಿ. ಗೆದ್ದಲು ಇವೆರಡಕ್ಕಿಂತ ಮೋಸ. ಹೊರಗೆ ರಟ್ಟು ಹೊಸದರಂತೆ ನಿಂತಿರುತ್ತದೆ, ಕೈಗೆತ್ತಿಕೊಂಡರೆ ಹಗುರ. ಬಿಡಿಸಿದರೆ ಒಳಗೆ ಮಣ್ಣಿನ ಸುರಂಗ. ಕೆಳಹಲಗೆಯ ಪುಸ್ತಕಗಳನ್ನು ಎತ್ತುವಾಗ ಹಿಂದಿನ ಗೋಡೆಯಲ್ಲಿ ಮಣ್ಣಿನ ಗೆರೆ ಇದೆಯೇ ನೋಡಿ.

ದಾರ ಮತ್ತು ಅಂಟು (ವಿರಾಜಪೇಟೆ)

ಮೇಲಿನವರು ಹೇಳಿದ್ದು ಸರಿ. ಬೈಂಡಿಂಗ್ ಕೆಲಸ ತಿಳಿದವರು ನೋಡುವ ಇನ್ನೂ ಕೆಲವು ಇವೆ.

ಒಂದು, ಪುಸ್ತಕ ಇಷ್ಟವಾಗದಿರಲು ಮುದ್ರಣದ ದೋಷವೇ ಕಾರಣವಾಗಿರಬಹುದು. ನಮ್ಮ ಪುಸ್ತಕಗಳು ಹೆಚ್ಚಾಗಿ 16 ಪುಟದ ಫಾರಂಗಳಲ್ಲಿ ಅಚ್ಚಾಗುತ್ತವೆ. ಜೋಡಿಸುವಾಗ ಒಂದು ಫಾರಂ ಎರಡು ಸಲ ಸೇರಿ ಇನ್ನೊಂದು ಬಿಟ್ಟುಹೋಗುವುದುಂಟು. 64ನೇ ಪುಟದ ಮುಂದೆ ಮತ್ತೆ 49 ಬಂದು, ಅದು ಮುಗಿದಮೇಲೆ ನೇರವಾಗಿ 81ಕ್ಕೆ ಹಾರಿದರೆ, ಕತೆ ತಲೆಬುಡ ಇಲ್ಲ ಅನ್ನಿಸುವುದು ಸಹಜ. ಪುಟಸಂಖ್ಯೆಗಳನ್ನು ಒಮ್ಮೆ ಬೆರಳಾಡಿಸಿ ನೋಡಿ. ಅಂಥ ಪ್ರತಿಯನ್ನು ಯಾರಿಗೂ ದಾಟಿಸಬೇಡಿ. ಇತ್ತೀಚಿನದಾದರೆ ದೋಷದ ಪುಟಗಳ ಫೋಟೊ ತೆಗೆದು ಪ್ರಕಾಶಕರನ್ನು ಕೇಳಿ, ಪ್ರತಿ ಇದ್ದರೆ ಬದಲಿಸಿ ಕೊಡುವವರಿದ್ದಾರೆ.

ಎರಡು, ಹೆಸರು ಮತ್ತು ಹಸ್ತಾಕ್ಷರದ ಹಾಳೆ. ಕೊಟ್ಟವರ ಹೆಸರು, ಫೋನ್ ನಂಬರು, «ಪ್ರೀತಿಯಿಂದ» ಎಂಬ ಬರಹ ಇದ್ದ ಪುಸ್ತಕ ಗುಜರಿ ಅಂಗಡಿಯಲ್ಲೋ ಇನ್ನೊಬ್ಬರ ಮನೆಯಲ್ಲೋ ಸಿಕ್ಕರೆ ಕೊಟ್ಟವರಿಗೆ ನೋವು. ಆ ಹಾಳೆ ತೆಗೆಯಿರಿ, ಆದರೆ ಕೈಯಿಂದ ಹರಿಯಬೇಡಿ. ಹೊಲಿದ ಪುಸ್ತಕದಲ್ಲಿ ಒಂದು ಹಾಳೆಯ ಇನ್ನರ್ಧ ಅದೇ ಫಾರಂನ ಆಚೆ ತುದಿಯಲ್ಲಿ ಇರುತ್ತದೆ. ಬುಡದಿಂದ ಕಿತ್ತರೆ ಅದೂ ಸಡಿಲವಾಗಿ ಸ್ವಲ್ಪ ದಿನಕ್ಕೆ ಉದುರುತ್ತದೆ. ಕೆಳಗೆ ಒಂದು ದಪ್ಪ ಹಾಳೆ ಇಟ್ಟು, ಬೆನ್ನಿನಿಂದ ಒಂದು ಸೆಂ.ಮೀ. ಬಿಟ್ಟು ಉಕ್ಕಿನ ಸ್ಕೇಲ್ ಒತ್ತಿ ಹಿಡಿದು, ಹೊಸ ಬ್ಲೇಡಿನಿಂದ ಮೇಲಿಂದ ಕೆಳಗೆ ಹಗುರವಾಗಿ ಎರಡು ಸಲ ಎಳೆಯಿರಿ. ಒಂದೇ ಏಟಿಗೆ ಒತ್ತಿದರೆ ಕೆಳಗಿನ ಹಾಳೆಯೂ ಕೊಯ್ಯುತ್ತದೆ. ಉಳಿದ ಆ ಒಂದು ಸೆಂ.ಮೀ. ಪಟ್ಟಿಯೇ ಆಚೆಯ ಹಾಳೆಯನ್ನು ಹಿಡಿದುಕೊಳ್ಳುತ್ತದೆ. ಹಸ್ತಾಕ್ಷರ ಲೇಖಕರದ್ದೇ ಆಗಿದ್ದರೆ ಕೊಯ್ಯಬೇಡಿ, ಮುಂದಿನವರಿಗೆ ಅದು ಬೆಲೆಯುಳ್ಳದ್ದು.

ಮೂರು, ಪುಸ್ತಕವನ್ನು ಬೆನ್ನು ಮೇಲಾಗಿ ಹಿಡಿದು ಅಲುಗಿಸಿ. ಪಹಣಿಯ ನಕಲು, ಕಂದಾಯ ರಸೀದಿ, ಕಾಗದಪತ್ರ ಬೀಳುವುದುಂಟು. ಜಮ್ಮಾ ಭೂಮಿಯ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಹಳೇ ಕಾಗದ ಒಂದು ಸಲ ಗುಜರಿಗೆ ಹೋದರೆ ಮರಳಿ ಸಿಗದು.

ಹೂಮಳೆ (ಮಡಿಕೇರಿ)

ಬಹಳ ಉಪಯೋಗವಾಯಿತು. ಹಾಗಾದರೆ ಸ್ಥಿತಿ ಚೆನ್ನಾಗಿರುವವನ್ನು ಪೆಟ್ಟಿಗೆ ಕಟ್ಟಿ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಅಂದರೆ ಊರಿನ ಗ್ರಂಥಾಲಯಕ್ಕೆ, ಒಯ್ದು ಕೊಡಬಹುದೇ?

ನಾಡಪುಸ್ತಕ (ಕುಶಾಲನಗರ)

ಕೊಡಬಹುದು. ಪೆಟ್ಟಿಗೆ ಒಯ್ಯುವ ಮೊದಲು ಪಟ್ಟಿ ಒಯ್ಯಿರಿ ಮೇಡಂ. ಹೆಸರು, ಲೇಖಕರು, ಪ್ರಕಾಶಕರು, ಮುದ್ರಣದ ವರ್ಷ, ಪುಟ, ಇಷ್ಟು ಬರೆದು ಗ್ರಂಥಪಾಲಕರಿಗೆ ತೋರಿಸಿ. ಅವರು ಗುರುತು ಹಾಕಿದ್ದನ್ನು ಮಾತ್ರ ಕೊಂಡೊಯ್ದರೆ ಇಬ್ಬರಿಗೂ ಹಗುರ.

ಕಾರಣ ಹೊರಗಿನವರಿಗೆ ಗೊತ್ತಿರುವುದಿಲ್ಲ. ದಾನ ಬಂದ ಪ್ರತಿ ಪುಸ್ತಕಕ್ಕೂ ದಾಖಲಾತಿ ವಹಿಯಲ್ಲಿ ಒಂದು ಸಾಲು, ಒಂದು ಸಂಖ್ಯೆ, ಒಳಪುಟಗಳಿಗೆ ಮೊಹರು, ಬೆನ್ನಿಗೆ ಚೀಟಿ ಆಗಬೇಕು. ಒಮ್ಮೆ ವಹಿಗೆ ಏರಿದಮೇಲೆ ಅದು ಸಾರ್ವಜನಿಕ ಆಸ್ತಿ. ಯಾರೂ ಓದದಿದ್ದರೂ, ಹುಳ ತಿಂದರೂ, ಗ್ರಂಥಪಾಲಕರು ತಾವಾಗಿ ಎಸೆಯುವಂತಿಲ್ಲ. ಪಟ್ಟಿ ಮಾಡಿ, ಅನುಮತಿ ಪಡೆದು, ವಹಿಯಿಂದ ಕಡಿಮೆ ಮಾಡಬೇಕು. ಲೆಕ್ಕಪರಿಶೋಧನೆಯಲ್ಲಿ ಒಂದು ಪುಸ್ತಕ ಸಿಗದಿದ್ದರೂ ಉತ್ತರ ಕೊಡಬೇಕಾದವರು ಅವರೇ. ನೀವು ಐದು ನಿಮಿಷದಲ್ಲಿ ಇಳಿಸಿ ಹೋದ 60 ಪುಸ್ತಕದ ಭಾರವನ್ನು ಅವರು ವರ್ಷಾನುಗಟ್ಟಲೆ ಹೊರಬೇಕು. ರಾತ್ರಿ ಬಾಗಿಲ ಮುಂದೆ ಚೀಲ ಇಟ್ಟು ಹೋಗುವುದಂತೂ ಖಂಡಿತ ಬೇಡ. ಬೆಳಗಾಗುವುದರೊಳಗೆ ಇಬ್ಬನಿ ಕುಡಿದಿರುತ್ತದೆ.

2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದಮೇಲೆ, ಆಮೇಲೆ ಅರಿವು ಕೇಂದ್ರ ಆದಮೇಲೆ, ಅಲ್ಲಿಗೆ ಬರುವವರಲ್ಲಿ ಮಕ್ಕಳೇ ಹೆಚ್ಚು. 2020ರಲ್ಲಿ ಶುರುವಾದ ಮಕ್ಕಳ ಓದಿನ ಅಭಿಯಾನ «ಓದುವ ಬೆಳಕು» ಇದಕ್ಕೆ ಒಂದು ಕಾರಣ. ಹಾಗಾಗಿ ಮಕ್ಕಳ ಪುಸ್ತಕ, ನಿಘಂಟು, ಭೂಪಟ, ಈ ಒಂದೆರಡು ವರ್ಷದ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಬೇಕೇ ಬೇಕು. ದೊಡ್ಡವರ ಕಾದಂಬರಿಗೆ ಮಡಿಕೇರಿಯ ಜಿಲ್ಲಾ ಕೇಂದ್ರ ಗ್ರಂಥಾಲಯ ಅಥವಾ ತಾಲ್ಲೂಕಿನ ಗ್ರಂಥಾಲಯ ಹೆಚ್ಚು ಸೂಕ್ತ. ಪ್ರಸಿದ್ಧ ಶೀರ್ಷಿಕೆಯಾದರೆ ಸಗಟು ಖರೀದಿಯಲ್ಲಿ ಆಗಲೇ ಬಂದು ಕೂತಿರುವ ಸಾಧ್ಯತೆ ಹೆಚ್ಚು, ಆಗ ಬೇಡ ಅನ್ನುತ್ತಾರೆ. ಬೇಸರ ಮಾಡಿಕೊಳ್ಳಬೇಡಿ.

ನಿಮಗೆ ಹಿಡಿಸದ್ದು ಇನ್ನೊಬ್ಬರಿಗೆ ಹಿಡಿಸಬಾರದೆಂದೇನೂ ಇಲ್ಲ. ಭಾಷೆ ಭಾರ ಅನ್ನಿಸಿತು, ಕತೆ ಎಳೆದಂತಾಯಿತು, ಪಾತ್ರ ಸಹಿಸಲಾಗಲಿಲ್ಲ, ಇವೆಲ್ಲ ನಿಮ್ಮ ಮತ್ತು ಆ ಪುಸ್ತಕದ ನಡುವಿನ ವಿಷಯ. ಅಂಥದ್ದನ್ನು ಧೈರ್ಯವಾಗಿ ಕೊಡಿ. ಒಂದೇ ಒಂದು ಮನವಿ: «ಇದು ಸರಿಯಿಲ್ಲ» ಎಂದು ಮೊದಲ ಪುಟದಲ್ಲಿ ಪೆನ್ನಿನಿಂದ ತೀರ್ಪು ಬರೆದಿದ್ದರೆ ಆ ಪ್ರತಿ ಕೊಡಬೇಡಿ. ಪೆನ್ಸಿಲ್ ಗುರುತಾದರೆ ಅಳಿಸಿ ಕೊಡಿ.

ಕಕ್ಕಡ (ನಾಪೋಕ್ಲು)

ಇಷ್ಟೆಲ್ಲ ಸರಿ. ಆದರೆ ಯಾರಿಗೂ ಬೇಡವಾಗಿ ಉಳಿದವು ಕೊನೆಗೆ ಗುಜರಿಗೇ ಹೋಗುತ್ತವೆ, ಅದಕ್ಕೆ ನನ್ನ ವಿರೋಧ ಇದೆ. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು. ನವರಾತ್ರಿಯಲ್ಲಿ ಪೂಜೆಗೆ ಇಟ್ಟದ್ದನ್ನೇ ಕಿಲೋ ಲೆಕ್ಕದಲ್ಲಿ ತೂಗಿ ಮಾರುವುದು ಹೇಗೆ? ಓದುವವರು ಎಲ್ಲೋ ಒಬ್ಬರು ಸಿಕ್ಕೇ ಸಿಗುತ್ತಾರೆ, ಕಾಯಬೇಕು.

ಅಟ್ಟದ ಕಪಾಟು (ಸೋಮವಾರಪೇಟೆ)

ಕಕ್ಕಡ ಅಣ್ಣ, ಆ ಭಾವನೆ ನನಗೂ ದೊಡ್ಡದೇ. ಆದರೆ ಕಾಯುವುದು ಎಲ್ಲಿ, ಆ ಗೋಡೆಯ ಪಕ್ಕದಲ್ಲೇ ಅಲ್ಲವೇ? ಮೂರು ಮಳೆಗಾಲ ಕಾದ ಪುಸ್ತಕವನ್ನು ಆಮೇಲೆ ಯಾವ ಓದುಗನ ಕೈಗೂ ಕೊಡಲಾಗದು. ಪುಸ್ತಕಕ್ಕೆ ಗೌರವ ಎಂದರೆ ಅದು ಓದುವ ಸ್ಥಿತಿಯಲ್ಲಿ ಇರುವಾಗಲೇ ಓದುವವರಿಗೆ ತಲುಪಿಸುವುದು. ಆ ಸ್ಥಿತಿ ದಾಟಿದ್ದನ್ನು ಮತ್ತೆ ಕಾಗದವಾಗಲು ಬಿಡುವುದೂ ಗೌರವವೇ.

ನಮ್ಮ ಪ್ರತಿ ಹೋದರೆ ಕೃತಿಯೇ ಅಳಿದುಹೋದೀತು ಎಂಬ ಭಯವೂ ಬೇಡ. 1954ರ ಕಾಯ್ದೆಯ ಪ್ರಕಾರ ದೇಶದಲ್ಲಿ ಪ್ರಕಟವಾದ ಪ್ರತಿ ಪುಸ್ತಕದ ಒಂದು ಪ್ರತಿಯನ್ನು ಪ್ರಕಾಶಕರು 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಪ್ಪಿಸಬೇಕು, ಚೆನ್ನೈನ ಕನ್ನೆಮರಾ ಸೇರಿ ಇನ್ನೂ ಮೂರು ಗ್ರಂಥಾಲಯಗಳಿಗೂ ಕಳಿಸಬೇಕು. ಎಲ್ಲ ಪ್ರಕಾಶಕರೂ ಚಾಚೂ ತಪ್ಪದೆ ಪಾಲಿಸುತ್ತಾರೆಂದಲ್ಲ. ಸಾಧಾರಣ ಪುಸ್ತಕಗಳಿಗೆ ಇಷ್ಟು ಸಾಕು. ಊರಿನಲ್ಲೇ ಅಚ್ಚಾದ ಸಣ್ಣ ಪುಸ್ತಕಗಳದ್ದು ಬೇರೆ ಮಾತು, ಅದನ್ನು ಯಾರಾದರೂ ಬರೆಯಿರಿ.

ಹಾರಂಗಿ ದಡ (ಕುಶಾಲನಗರ)

ಎರಡು ಜಾತಿಯ ಪುಸ್ತಕಗಳನ್ನು ಯಾರಿಗೂ ದಾಟಿಸಬಾರದು. ಇಲ್ಲಿ ನಾನು ಕಟ್ಟುನಿಟ್ಟು.

ಅವಧಿ ಮುಗಿದವು ಮೊದಲನೆಯ ಜಾತಿ. 2017ರ ಜುಲೈ 1ಕ್ಕೆ ಮೊದಲಿನ ಮಾರಾಟ ತೆರಿಗೆ ಕೈಪಿಡಿ ಇಂದು ದಾರಿ ತಪ್ಪಿಸುತ್ತದೆ, ಜಿಎಸ್‌ಟಿ ಬಂದು ಎಲ್ಲ ಬದಲಾಯಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಾದಮೇಲೆ ಐಪಿಸಿ ಕಲಂ ಸಂಖ್ಯೆ ಕಲಿಸುವ ಪೊಲೀಸ್ ನೇಮಕಾತಿ ಗೈಡೂ ಹಾಗೆಯೇ. ಕೊಲೆ ಎಂದರೆ 302 ಎಂದು ಬಾಯಿಪಾಠ ಮಾಡಿದ ಹುಡುಗನಿಗೆ ಈಗ ಅದು 103. ಬಡ ಮಕ್ಕಳಿಗೆ ಉಪಕಾರವೆಂದು ಇಂಥ ಗೈಡು ಕೊಡುವವರು ಅವರ ಒಂದು ವರ್ಷವನ್ನೇ ಹಾಳು ಮಾಡುತ್ತಾರೆ. ಪಠ್ಯಕ್ರಮ ಬದಲಾದ ಶಾಲಾ ಪುಸ್ತಕವೂ ಇದೇ ಸಾಲಿಗೆ.

ಎರಡನೆಯದು ಮನೆಮದ್ದಿನ ಹೆಸರಿನಲ್ಲಿ ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಬಿಡಿ, ಹಾವು ಕಚ್ಚಿದರೆ ಗಾಯ ಕೊಯ್ದು ರಕ್ತ ಹೀರಿ ಎಂದು ಬರೆದವು. ನಮ್ಮ ತೋಟಗಳಲ್ಲಿ ಹಾವು ಕಚ್ಚುವುದು ಇಂದಿಗೂ ನಡೆಯುವ ಮಾತು. ಕಚ್ಚಿದ ಅಂಗ ಅಲುಗಾಡಿಸದೆ ಆಸ್ಪತ್ರೆಗೆ ಓಡಬೇಕಾದ ಹೊತ್ತಿನಲ್ಲಿ ಆ ಪುಟ ಯಾರ ಕೈಗೂ ಸಿಗಬಾರದು. ಇವನ್ನು ಗುಜರಿಗೆ ಹಾಕುವಾಗಲೂ ಅಂಗಡಿಯವರು ಮತ್ತೆ ಓದಲು ಮಾರದ ಹಾಗೆ ರಟ್ಟು ಕಿತ್ತು, ಬೆನ್ನು ಸೀಳಿ ಎರಡು ಮೂರು ತುಂಡು ಮಾಡಿ ಹಾಕಿ.

ನಾಡಪುಸ್ತಕ (ಕುಶಾಲನಗರ)

ಅವಧಿ ಮುಗಿದ ಗೈಡಿನ ವಿಷಯದಲ್ಲಿ ಪೂರ್ಣ ಒಪ್ಪಿಗೆ. ಆದರೆ ಈ ತರ್ಕವನ್ನು ಅಭಿಪ್ರಾಯದ ಪುಸ್ತಕಗಳಿಗೆ ಎಳೆಯಬೇಡಿ ಸರ್. ರಾಜಕೀಯ, ಧರ್ಮ, ಇತಿಹಾಸದ ಬಗ್ಗೆ ನಮಗೆ ಸಿಟ್ಟು ಬರಿಸಿದ ಪುಸ್ತಕವನ್ನು ಸೀಳಿ ಹಾಕುವುದಕ್ಕೂ ತಪ್ಪು ಔಷಧ ಹೇಳುವ ಪುಸ್ತಕವನ್ನು ಸೀಳುವುದಕ್ಕೂ ಬಹಳ ಅಂತರವಿದೆ. ಮೊದಲನೆಯದನ್ನು ಓದಿ ಖಂಡಿಸಲು ಸಂಶೋಧಕರಿಗೆ ಅದೇ ಪುಸ್ತಕ ಬೇಕಾಗುತ್ತದೆ. ಮಕ್ಕಳು ಬರುವ ಅರಿವು ಕೇಂದ್ರಕ್ಕೆ ಬೇಡ, ಕಾಲೇಜು ಗ್ರಂಥಾಲಯವನ್ನು ಕೇಳಿ.

ಹಾರಂಗಿ ದಡ (ಕುಶಾಲನಗರ)

ಒಪ್ಪಿದೆ. ಜೀವಕ್ಕೆ, ಪರೀಕ್ಷೆಗೆ, ಕಾನೂನಿಗೆ ನೇರ ಅಪಾಯವಿದ್ದರೆ ಮಾತ್ರ ಸೀಳುವುದು ಎಂದು ತಿದ್ದಿಕೊಳ್ಳುತ್ತೇನೆ.

ಸಂತೆ ತಕ್ಕಡಿ (ಗೋಣಿಕೊಪ್ಪ)

ಗುಜರಿಯ ಒಳಗುಟ್ಟು ಹೇಳುತ್ತೇನೆ, ಹಾಕುವವರಿಗೆ ಅನುಕೂಲ.

ತೂಕದ ಅಂದಾಜು ಹೀಗೆ. ಡೆಮಿ 1/8 ಆಕಾರದ 200 ಪುಟದ ಪುಸ್ತಕದಲ್ಲಿ 100 ಹಾಳೆ. ಒಂದು ಹಾಳೆ 14 × 21.5 ಸೆಂ.ಮೀ., ಒಟ್ಟು ಮೂರು ಚದರ ಮೀಟರ್ ಕಾಗದ. 70 ಜಿಎಸ್ಎಂ (ಚದರ ಮೀಟರಿಗೆ 70 ಗ್ರಾಂ) ಕಾಗದವಾದರೆ 210 ಗ್ರಾಂ, ರಕ್ಷಾಪುಟ ಮತ್ತು ಅಂಟು ಸೇರಿ 230ರ ಹತ್ತಿರ. ನಿಮ್ಮ 60 ಪುಸ್ತಕ ಇದೇ ಗಾತ್ರದವಾದರೆ ಸುಮಾರು 14 ಕಿಲೋ. ಅದಕ್ಕಾಗಿ ಗಾಡಿ ಮಾಡಿಕೊಂಡು ಹೋದರೆ ಬಾಡಿಗೆಯೂ ಹುಟ್ಟದು. ಪತ್ರಿಕೆ, ರಟ್ಟಿನ ಪೆಟ್ಟಿಗೆ ಜೊತೆಗೆ ಸೇರಿಸಿ ಹಾಕಿ.

ಪುಸ್ತಕಕ್ಕೆ ಪತ್ರಿಕೆಗಿಂತ ಕಡಿಮೆ ದರ ಹೇಳಿದರೆ ಮೋಸವೆಂದುಕೊಳ್ಳಬೇಡಿ. ಪತ್ರಿಕೆ ಪೊಟ್ಟಣಕ್ಕೂ ಹೋಗುತ್ತದೆ, ಪುಸ್ತಕ ಗಿರಣಿಗೆ ಮಾತ್ರ. ಬೆನ್ನಿನ ಅಂಟು, ರಕ್ಷಾಪುಟದ ಮೇಲಿನ ಪ್ಲಾಸ್ಟಿಕ್ ಪೊರೆ, ರೆಕ್ಸಿನ್, ಸ್ಪೈರಲ್ ತಂತಿ ಇವೆಲ್ಲ ಗಿರಣಿಯಲ್ಲಿ ಕಸವೇ. ಬಿಸಿ ಅಂಟು ನೀರಿನಲ್ಲಿ ಕರಗುವುದಿಲ್ಲ, ಮೆತ್ತಗಾಗಿ ಜರಡಿಗೆ ಮೆತ್ತಿಕೊಂಡು ಹೊಸ ಕಾಗದದಲ್ಲಿ ಚುಕ್ಕೆಯಾಗಿ ಕೂರುತ್ತದೆ. ನೀವೇ ರಟ್ಟು ಕಿತ್ತು, ಪೊರೆ ಇರುವ ಹೊದಿಕೆ ಬೇರೆ, ಒಳಕಾಗದ ಬೇರೆ ಕಟ್ಟಿ ಒಯ್ದರೆ ಮಾತಾಡಲು ಜಾಗ ಇರುತ್ತದೆ. ಹಸಿ ಪುಸ್ತಕ ತರಬೇಡಿ. ತೂಕದಲ್ಲಿ ನೀರು ಕಳೆಯುತ್ತಾರೆ, ಅಥವಾ ವಾಪಸು ಕಳಿಸುತ್ತಾರೆ.

ಹಾಳೆಗಳನ್ನು ಬೋಂಡ, ಪಕೋಡ ಕಟ್ಟಲು ಅಂಗಡಿಗೆ ಕೊಡುವ ಅಭ್ಯಾಸ ಬಿಡಿ. ಅಚ್ಚಿನ ಮಸಿ ಬಿಸಿ ಎಣ್ಣೆಗೆ ಬಿಡುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮ ಪತ್ರಿಕೆಯಲ್ಲಿ ತಿನಿಸು ಕಟ್ಟುವುದನ್ನು ನಿಷೇಧಿಸಿದೆ. ಪುಸ್ತಕದ ಹಾಳೆಯ ಮಸಿಯೂ ಮಸಿಯೇ.

ಒಣಎಲೆ (ಪೊನ್ನಂಪೇಟೆ)

ಸುಟ್ಟುಬಿಡಿ ಎನ್ನುವವರು ಬಂದೇ ಬರುತ್ತಾರೆ, ಅದಕ್ಕೆ ಮೊದಲೇ ಬರೆಯುತ್ತೇನೆ. ಮುಚ್ಚಿದ ಪುಸ್ತಕ ಸುಡುವುದಿಲ್ಲ. ಹಾಳೆಗಳ ನಡುವೆ ಗಾಳಿ ಇಲ್ಲ, ಅಂಚು ಕರಿಯಾಗಿ ಒಳಗೆ ಗಂಟೆಗಟ್ಟಲೆ ಕೆಂಡ ಹಿಡಿದುಕೊಂಡಿರುತ್ತದೆ. ಆರಿತೆಂದು ಬಿಟ್ಟುಹೋದರೆ ರಾತ್ರಿ ಗಾಳಿಗೆ ಹಾಳೆ ಎದ್ದು ಹಾರುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಸಿಲ್ವರ್ ಓಕ್ ಎಲೆ ಮೊಣಕಾಲು ಮುಟ್ಟ ಬಿದ್ದಿರುವ ತೋಟದಲ್ಲಿ ಒಂದು ಕಿಡಿ ಸಾಕು. ಹೊದಿಕೆಯ ಪ್ಲಾಸ್ಟಿಕ್ ಹೊಗೆ ಬೇರೆ. ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಬಯಲಲ್ಲಿ ಕಸ ಸುಡುವುದಕ್ಕೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡ ಎಂದು ಆದೇಶಿಸಿದೆ. ಹೊಳೆಗೆ, ತೋಡಿಗೆ ಬಿಡುವ ಮಾತಂತೂ ಬೇಡವೇ ಬೇಡ. ನಮ್ಮ ನೀರೆಲ್ಲ ಕೊನೆಗೆ ಯಾರೋ ಕುಡಿಯುವ ನೀರು.

ಗೊಬ್ಬರ ಮಾಡಬಹುದು. ಬೂಷ್ಟು ಹಿಡಿದು ಗುಜರಿಗೂ ಬೇಡವಾದ ಪುಸ್ತಕಕ್ಕೆ ಇದೇ ಒಳ್ಳೆಯ ದಾರಿ. ರಟ್ಟು, ಬೆನ್ನಿನ ಅಂಟುಪಟ್ಟಿ, ಪಿನ್ನು, ನುಣುಪು ಬಣ್ಣದ ಹಾಳೆ ತೆಗೆಯಿರಿ. ನುಣುಪು ಹಾಳೆಗೆ ಬಿಳಿ ಜೇಡಿ ಲೇಪ ಇರುತ್ತದೆ, ಒದ್ದೆಯಾದರೆ ಹಲಗೆಯಂತೆ ಅಂಟಿಕೊಳ್ಳುತ್ತದೆ. ಕಪ್ಪು ಮಸಿಯ ಸಾದಾ ಹಾಳೆಗಳನ್ನು ಎರಡು ಬೆರಳಗಲ ಹರಿದು ಒಂದು ರಾತ್ರಿ ಸಗಣಿ ನೀರಿನಲ್ಲಿ ನೆನೆಸಿ. ಒಂದು ಬುಟ್ಟಿ ಕಾಗದಕ್ಕೆ ಮೂರು ಬುಟ್ಟಿ ಹಸಿ: ಹಣ್ಣು ಪಲ್ಪ್ ಮಾಡಿದ ಕಾಫಿ ಸಿಪ್ಪೆ, ಹಸಿ ಸೊಪ್ಪು, ಸಗಣಿ. ಕಾಗದದಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಗುಂಡಿಯಲ್ಲಿ ಇಂಗಾಲ 25–30 ಪಾಲಿಗೆ ಸಾರಜನಕ ಒಂದು ಪಾಲಾದರೂ ಇದ್ದರೆ ಮಾತ್ರ ಬಿಸಿ ಏರುತ್ತದೆ. ಅರಬಿಕಾ ಕೊಯ್ಲಿನ ಸಿಪ್ಪೆ ಡಿಸೆಂಬರ್–ಜನವರಿಯಲ್ಲಿ ಸಿಗುವುದರಿಂದ ಆಗ ಮಾಡಿದರೆ ಒಳ್ಳೆಯದು. ಪುಸ್ತಕವನ್ನು ಇಡಿಯಾಗಿ ಹೂತರೆ ಎರಡು ವರ್ಷಕ್ಕೂ ಒದ್ದೆ ಇಟ್ಟಿಗೆಯಾಗಿ ನಾರುತ್ತಾ ಕೂತಿರುತ್ತದೆ.

ಗುಂಡಿ ಮನೆಯಿಂದ, ಮರದ ಕಂಬಗಳಿಂದ ದೂರ ಇರಲಿ. ಕಾಗದವೆಂದರೆ ಗೆದ್ದಲಿಗೆ ಹಬ್ಬ. ಕಾಳುಮೆಣಸಿನ ಬಳ್ಳಿಯ ಬುಡಕ್ಕೆ ಹಾಳೆ ಹೊದಿಸುವ ಸಲಹೆಯೂ ಇದೇ ಕಾರಣಕ್ಕೆ ನನಗೆ ಒಪ್ಪಿಗೆಯಿಲ್ಲ.

ಹೂಮಳೆ (ಮಡಿಕೇರಿ)

ಸಿಲ್ವರ್‌ಫಿಶ್ ಹಿಡಿದ, ಬೇರೆಲ್ಲ ಚೆನ್ನಾಗಿರುವ ಏಳೆಂಟು ಕಾದಂಬರಿ ಇವೆ. ಅವನ್ನು ಉಳಿಸಿ ಕೊಡಲು ಸಾಧ್ಯವೇ?

ದಾರ ಮತ್ತು ಅಂಟು (ವಿರಾಜಪೇಟೆ)

ಸಾಧ್ಯ. ಒಣಗಿದ ಪುಸ್ತಕವನ್ನು ಪಾಲಿಥಿನ್ ಚೀಲದಲ್ಲಿ ಹಾಕಿ ಗಾಳಿ ಒತ್ತಿ ತೆಗೆದು ಬಾಯಿ ಟೇಪು ಮಾಡಿ, ಮೈನಸ್ 18 ಡಿಗ್ರಿ ಮುಟ್ಟುವ ಫ್ರೀಜರಿನಲ್ಲಿ ಎರಡು ವಾರ ಇಡಿ. ಮೇಲೆ ಐಸ್ ಕಟ್ಟುವ ಹಳೇ ಫ್ರಿಜ್ಜಿನ ಪೆಟ್ಟಿಗೆ ಅಷ್ಟು ತಣ್ಣಗಾಗದು. ಹೊರಗೆ ತೆಗೆದಮೇಲೆ ಒಂದು ಪೂರ್ತಿ ದಿನ ಚೀಲ ಬಿಚ್ಚಬೇಡಿ. ಬಿಚ್ಚಿದರೆ ಚೀಲದ ಮೇಲೆ ಕೂರಬೇಕಾದ ಹನಿ ಹಾಳೆಯ ಮೇಲೆ ಕೂರುತ್ತದೆ. ಹುಳ, ಮೊಟ್ಟೆ ಸಾಯುತ್ತವೆ. ಬೂಷ್ಟು ಸಾಯುವುದಿಲ್ಲ, ನಿದ್ದೆ ಹೋಗುತ್ತದೆ ಅಷ್ಟೆ. ನುಸಿಗುಳಿಗೆ ಇಟ್ಟು ಕೊಡಬೇಡಿ, ಆ ವಾಸನೆ ಕಾಗದದಿಂದ ತಿಂಗಳಾದರೂ ಹೋಗದು.

ಮಂಜಿನ ಮನೆ (ಭಾಗಮಂಡಲ)

ಸುಸ್ಥಿತಿಯ ಕಾದಂಬರಿಗಳಿಗೆ ಹೋಂಸ್ಟೇಗಳನ್ನೂ ಕೇಳಿ ನೋಡಿ. ಮಳೆಗೆ ಸಿಕ್ಕಿಬಿದ್ದ ಅತಿಥಿಗೆ ಅರ್ಧ ದಿನದ ಓದು ಬೇಕಾಗಿರುತ್ತದೆ, ತೆಗೆದುಕೊಂಡು ಹೋದರೂ ಯಾರಿಗೂ ಬೇಸರವಿಲ್ಲ. ಒಂದು ಮನೆಗೆ 20–25ಕ್ಕಿಂತ ಹೆಚ್ಚು ಬೇಡ. ಹಜಾರದ ಒಳಗೋಡೆಗೆ ಇರಲಿ, ಬಚ್ಚಲಿಗೆ ತಾಗಿದ ಗೋಡೆಗೆ ಬೇಡ. ಅಗ್ಗಿಷ್ಟಿಕೆಯ ಮೇಲಿನ ಹಲಗೆ ಒಣಗಿರುತ್ತದೆ ನಿಜ, ಆದರೆ ಬಿಸಿಗೆ ಅಂಟು ಬಿರುಕು ಬಿಟ್ಟು ಹಾಳೆ ಉದುರುತ್ತವೆ.

ತೋಟದ ಲೈನ್ ಮನೆಗಳಿಗೆ (ಕಾರ್ಮಿಕರ ಸಾಲುಮನೆಗಳಿಗೆ) ಕೊಡೋಣ ಎನ್ನುವವರು ಮೊದಲು ಅಲ್ಲಿ ಯಾವ ಭಾಷೆ ಓದುತ್ತಾರೆ ಕೇಳಿ. ಅಸ್ಸಾಮಿನಿಂದ ಬಂದ ಮನೆಯವರಿಗೆ ಕನ್ನಡ ಕಾದಂಬರಿಯ ಚೀಲ ಇಳಿಸಿದರೆ ಅದು ಒಲೆಗೆ ಹೋಗುತ್ತದೆ, ತಪ್ಪು ಅವರದ್ದಲ್ಲ.

ಅಂಚೆ ಚೀಟಿ (ಶನಿವಾರಸಂತೆ)

ದೂರದ ಓದುಗರಿಗೆ ಕಳಿಸುವುದಾದರೆ 2025ರ ಮೇ 1ರಿಂದ ಅಂಚೆ ಇಲಾಖೆಯ ಜ್ಞಾನ ಪೋಸ್ಟ್ ಇದೆ. ಶುರುವಾದಾಗಿನ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಈಗಿನದ್ದನ್ನು ಕೌಂಟರಿನಲ್ಲಿ ಕೇಳಿಕೊಳ್ಳಿ. ನೆಲಮಾರ್ಗವಾಗಿ ಹೋಗುವುದರಿಂದ ನಿಧಾನ, ಆದರೆ ಎಲ್ಲಿದೆ ಎಂದು ನೋಡಬಹುದು. ಜಾಹೀರಾತು ತುಂಬಿದ ನಿಯತಕಾಲಿಕೆ ತೆಗೆದುಕೊಳ್ಳುವುದಿಲ್ಲ, ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಲೇಬೇಕು. ಒಳಗೆ ಪತ್ರ ಇಡಬೇಡಿ. ಮೊದಲು ಪಾಲಿಥಿನ್, ಆಮೇಲೆ ನಾಲ್ಕು ಮೂಲೆಗೂ ರಟ್ಟಿನ ತುಂಡು, ಅದರ ಮೇಲೆ ಕಂದು ಕಾಗದ. ಮೂಲೆಗೆ ರಟ್ಟು ಇಲ್ಲದ ಪುಸ್ತಕ ಮಡಚಿದ ಕಿವಿಯೊಡನೆ ತಲುಪುತ್ತದೆ.

ಪೆಟ್ಟಿಗೆಯಲ್ಲಿ ಕಳಿಸುವವರು 12–15 ಕಿಲೋ ದಾಟಿಸಬೇಡಿ, ತಳ ಬಿಡುತ್ತದೆ. ಅಡ್ಡ ಮಲಗಿಸಿ, ಅಥವಾ ಬೆನ್ನು ಕೆಳಗಾಗಿ ನಿಲ್ಲಿಸಿ. ಬೆನ್ನು ಮೇಲಾಗಿ ನಿಲ್ಲಿಸಿದರೆ ಹಾಳೆಗಳ ಭಾರಕ್ಕೆ ಹೊಲಿಗೆ ಜಗ್ಗುತ್ತದೆ. ಯೂರಿಯಾ ಚೀಲ ತೊಳೆದು ಬಳಸುವುದು ಬೇಡ, ಉಳಿದ ಗೊಬ್ಬರದ ಪುಡಿ ತೇವ ಎಳೆಯುತ್ತದೆ.

ಕಕ್ಕಡ (ನಾಪೋಕ್ಲು)

ಅಟ್ಟದ ಕಪಾಟು ಅವರು ಬಿಟ್ಟ ಊರಿನ ಅಚ್ಚಿನ ವಿಷಯ ನಾನು ಬರೆಯುತ್ತೇನೆ. 1956ರ ನವೆಂಬರ್ 1ಕ್ಕೆ ಮೊದಲು ಕೊಡಗು ಬೇರೆಯೇ ರಾಜ್ಯ. ಆ ಕಾಲದ ಇಲ್ಲಿನ ಮುದ್ರಣಗಳು, ಒಕ್ಕದ (ಕೊಡವ ಮನೆತನದ) ವಂಶಾವಳಿ, ದೇವಸ್ಥಾನದ ಜೀರ್ಣೋದ್ಧಾರ ಸಂಚಿಕೆ, ಶಾಲೆಯ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ, ಸಹಕಾರ ಸಂಘದ ವರದಿ, ಕೊಡವ ತಕ್ಕ್ (ಕೊಡವ ಭಾಷೆ) ಅಥವಾ ಅರೆಭಾಷೆಯ ಹಾಡಿನ ಕಿರುಹೊತ್ತಿಗೆ, ಇವು ಓದಲು ಎಷ್ಟೇ ನೀರಸವಾಗಿರಲಿ, ತಪ್ಪಚ್ಚು ತುಂಬಿರಲಿ, ಹುಳ ತಿಂದಿರಲಿ, ಗುಜರಿಗೆ ಹಾಕಬೇಡಿ. ಇನ್ನೂರು ಮುನ್ನೂರು ಪ್ರತಿ ಹಾಕಿಸಿ ಹಂಚಿದ್ದು ಕೋಲ್ಕತ್ತಕ್ಕೆ ಹೋಗಿರುವ ಭರವಸೆ ಇಲ್ಲ. ಮನೆಹೆಸರು, ಕೈಮಡದ (ಹಿರಿಯರ ಗುಡಿಯ) ಜಾಗ, ದಾನ ಕೊಟ್ಟವರ ಪಟ್ಟಿ ಮುಂದೆ ಇನ್ನೊಬ್ಬರಿಗೆ ದಾಖಲೆ. ಮಡಿಕೇರಿಯಲ್ಲಿ ಕೊಡವ ಸಾಹಿತ್ಯ ಅಕಾಡೆಮಿ ಇದೆ, ಅರೆಭಾಷೆ ಅಕಾಡೆಮಿ ಇದೆ. ಮುಖಪುಟ ಮತ್ತು ಮುದ್ರಣ ವಿವರದ ಪುಟದ ಫೋಟೊ ತೋರಿಸಿ ಬೇಕೇ ಎಂದು ಕೇಳಿ. ಬೇಡವೆಂದರೂ ಎಲ್ಲ ಪುಟ ಸ್ಕ್ಯಾನ್ ಮಾಡಿಸಿಕೊಂಡೇ ಮುಂದಿನ ಮಾತು.

ಹೂಮಳೆ (ಮಡಿಕೇರಿ)

ಎಲ್ಲರಿಗೂ ಧನ್ಯವಾದ. ಗೈಡು ಮತ್ತು ಮನೆಮದ್ದು ಸೀಳಿ ಗುಜರಿಗೆ, ವಾಸನೆ ಇರುವವು ಗೊಬ್ಬರದ ಗುಂಡಿಗೆ, ಉಳಿದವುಗಳ ಪಟ್ಟಿ ಮೊದಲು ಗ್ರಂಥಪಾಲಕರಿಗೆ, ಆಮೇಲೆ ಹೋಂಸ್ಟೇಗೆ. ಈ ರಾಶಿಯಲ್ಲಿ ಒಂದು ದೇವಸ್ಥಾನದ ಸಂಚಿಕೆಯೂ ಇದೆ, ಅದನ್ನು ಬೇರೆ ತೆಗೆದಿಡುತ್ತೇನೆ.

ಅಟ್ಟದ ಕಪಾಟು (ಸೋಮವಾರಪೇಟೆ)

ಒಂದು ಸೇರಿಸಿಕೊಳ್ಳಿ ಮೇಡಂ. ಖಾಲಿಯಾದ ಹಲಗೆಗೆ ಅವತ್ತೇ ಬೇರೆ ಪುಸ್ತಕ ಜೋಡಿಸಬೇಡಿ. ಬೂಷ್ಟಿನ ಪುಡಿ ಹಲಗೆಯಲ್ಲೇ ಉಳಿದಿರುತ್ತದೆ. ಮೂಗಿಗೆ ಎನ್95 ಮಾಸ್ಕ್ ಹಾಕಿ, ಒಣಬಟ್ಟೆಯಿಂದ ಗುಡಿಸದೆ, ಸರ್ಜಿಕಲ್ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ. ಹತ್ತಿರ ಒಲೆ, ದೀಪ ಇರಬಾರದು. ಕಿಟಕಿ ತೆರೆದು ಎರಡು ದಿನ ಬಿಡಿ. ಆಮೇಲೆ ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆದು, ಹಿಂದಿನ ಸಾಲು ಮಾಡದೆ ಒಂದೇ ಸಾಲಿನಲ್ಲಿ, ಬೆರಳು ತೂರುವಷ್ಟು ಸಡಿಲವಾಗಿ ಇಡಿ.